ಹೊಸಕುವ ಮೊದಲು

ಜನವರಿಯಲ್ಲಿ ಪುಣೆಯ ಗೆಳೆಯನ ಜೊತೆ ಅವನೂರು ನಿಫಾಡಕ್ಕೆ ಹೋಗಿದ್ದೆ. ದ್ರಾಕ್ಷಿ ಮಾಗುವ ಕಾಲ. ಬಳ್ಳಿಯ ಮೇಲೆ ಹಿಟ್ಟು ಮೆತ್ತಿದಂಥ ಬಿಳಿ ಹುಳ ಕಂಡಿತು. ವಿಜಯಪುರದ ನಮ್ಮ ತೋಟದ ರೂಢಿಯಂತೆ ಹೊಸಕಿಬಿಟ್ಟೆ. ಗೆಳೆಯನ ಅಪ್ಪ ಕೈ ಹಿಡಿದರು: "ಅರೇ, ತೋ ಆಪ್ಲಾ ಮಿತ್ರ ಆಹೇ!"

ನಾನು ಕೊಂದದ್ದು ಹಿಟ್ಟು ತಿಗಣೆಯಲ್ಲ, ಅದನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಮೈತುಂಬ ಅದೇ ಬಿಳಿ ಮೇಣ. ಆದರೆ ಗಾತ್ರ ದೊಡ್ಡದು, ಓಡಾಟ ಚುರುಕು. ಕಾಫಿ ಗಿಡದ ಶಲ್ಕ ಕೀಟ ತಿನ್ನಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಹುಳ ಇದು.

ತಿಗಣೆ ಸುರಿಸುವ ಸಿಹಿ ಅಂಟಿನಾಸೆಗೆ ಇರುವೆಗಳು ಅದಕ್ಕೆ ಕಾವಲು ನಿಂತು ಈ ಹುಳವನ್ನು ಓಡಿಸುತ್ತವೆ. ಅಂಟಿನ ಮೇಲೆ ಕಪ್ಪು ಬೂಷ್ಟು ಹತ್ತಿದ ಗೊಂಚಲಿಗೆ ಬೆಲೆ ಬರುವುದಿಲ್ಲ. ಹಾಗೆಂದು ಸಿಕ್ಕ ಔಷಧಿ ಹೊಡೆದರೆ, ತೊಗಟೆಯ ಸಂದಿಯಲ್ಲಿ ಅಡಗಿದ ತಿಗಣೆ ಉಳಿಯುತ್ತದೆ, ಬಳ್ಳಿಯ ಮೇಲೆ ಓಡಾಡುವ ಮಿತ್ರ ಸಾಯುತ್ತಾನೆ.

ರಾತ್ರಿ ಊರಿಗೆ ಫೋನ್ ಮಾಡಿದೆ. "ಅಪ್ಪಾ, ಬಿಳಿ ಹುಳ ಕಂಡ್ರ ಹೊಸಕಬ್ಯಾಡ್ರಿ. ಮೊದಲ ಅದು ಓಡತೈತೇನು ನೋಡ್ರಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾರ ಇಷ್ಟು ವರ್ಷ ನಾ ಒರಸಿದ್ದು ಯಾರನ್ನೋ, ತಮ್ಮಾ?"