ಡಬ್ಬಿಂಗ್ ಅಂಗಡಿಯಿಂದ ದೂರಿನ ಅರ್ಜಿಯವರೆಗೆ

ತೊಂಬತ್ತರ ದಶಕದಲ್ಲಿ ಮಂಗಳೂರಿನ ಹಂಪನಕಟ್ಟೆಯ ಕ್ಯಾಸೆಟ್ ಅಂಗಡಿಗೆ ಬರುವವರು ಕಂಪೆನಿಯ ಹೆಸರು ಕೇಳಿದ್ದಿಲ್ಲ. "ಶೇಣಿಯವರದ್ದು ಹೊಸತು ಬಂತಾ?", "ವಿಲ್ಫಿ ರೆಬಿಂಬಸ್ ಉಂಟಾ?" ಎಂದು ಯಕ್ಷಗಾನದ ಅರ್ಥಧಾರಿಯ, ಕೊಂಕಣಿ ಗಾಯಕನ ಹೆಸರು ಹಿಡಿದೇ ಕೇಳುತ್ತಿದ್ದರು. 1990ರಲ್ಲಿ ಯಕ್ಷಗಾನದ ಹಾಡುಗಾರ, ಭಾಗವತ ಕಾಳಿಂಗ ನಾವಡರು ತೀರಿಕೊಂಡ ಮೇಲಂತೂ ಅವರ ಪದ್ಯಗಳಿಗಾಗಿ ಹುಡುಕಿಕೊಂಡು ಬರುತ್ತಿದ್ದರು. ಕೌಂಟರಿನಲ್ಲಿ ನಿಂತು ಇದನ್ನೆಲ್ಲ ಕಂಡವನು ನಾನು.

ಕೆಲವು ಅಂಗಡಿಗಳ ಒಳಕೋಣೆಯಲ್ಲಿ ಡಬಲ್ ಡೆಕ್ ಟೇಪ್‌ರೆಕಾರ್ಡರ್ ಓಡುತ್ತಿತ್ತು. ಗಿರಾಕಿ ಚೀಟಿಯಲ್ಲಿ ಪಟ್ಟಿ ಬರೆದುಕೊಟ್ಟರೆ ಸಂಜೆಯೊಳಗೆ ಖಾಲಿ ಕ್ಯಾಸೆಟ್ ತುಂಬುತ್ತಿತ್ತು. ತಯಾರಿಸಿದವರ ಹೆಸರು, ವಿಳಾಸ, ವರ್ಷ ಕ್ಯಾಸೆಟ್ಟಿನ ಮೇಲೆ ಇರಲೇಬೇಕೆಂದು ಕೃತಿಸ್ವಾಮ್ಯ ಕಾಯ್ದೆಯ 1984ರ ತಿದ್ದುಪಡಿ ಹೇಳಿತ್ತು. ಡಬ್ಬಿಂಗ್ ಮಾಡಿದ್ದರಲ್ಲಿ ಬಾಲ್‌ಪೆನ್ನಿನ ಅಕ್ಷರ ಮಾತ್ರ. ನಷ್ಟವಾದ ನಿರ್ಮಾಪಕ ನಕಲನ್ನು ತಾನೇ ದುಡ್ಡು ಕೊಟ್ಟು ಕೊಂಡು ಠಾಣೆಗೆ ಒಯ್ಯಬೇಕಿತ್ತು. ಊರಿನ ಸಣ್ಣ ನಿರ್ಮಾಪಕರಲ್ಲಿ ಹೆಚ್ಚಿನವರಿಗೆ ಅಷ್ಟು ಓಡಾಡುವ ತ್ರಾಣವಿರಲಿಲ್ಲ.

ಕ್ಯಾಸೆಟ್ ಹೋಯಿತು, ಸಿಡಿಯೂ ಹೋಯಿತು. 2011ರಲ್ಲಿ 'ಒರಿಯರ್ದೊರಿ ಅಸಲ್' ಗೆದ್ದ ಮೇಲೆ ತುಳು ಸಿನಿಮಾಕ್ಕೆ ಹೊಸ ಜೀವ ಬಂತು. ಥಿಯೇಟರಿನೊಳಗೆ ಮೊಬೈಲಿನಲ್ಲಿ ಹಿಡಿದ ತುಣುಕುಗಳ ಹಾವಳಿಯೂ ಬೆನ್ನಿಗೇ ಬಂತು. ನಿರ್ಮಾಪಕರು, ಗಾಯಕರು, ಮೇಳದವರ ಪರವಾಗಿ ಆನ್‌ಲೈನ್ ದೂರು ಕೊಡುವುದೇ ನನ್ನ ಕೆಲಸವಾಯಿತು.

ದೂರಿನಲ್ಲಿ ಬರೆಯಬೇಕಾದ್ದು ಇಷ್ಟು: ವಿಡಿಯೋದ ಲಿಂಕ್, ನಕಲಾದ ಭಾಗ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ, ಮೂಲ ಕೃತಿ ಯಾವುದು, ಹಕ್ಕು ಯಾರದ್ದು, ಕೊನೆಗೆ ಹೇಳಿದ್ದೆಲ್ಲ ಸತ್ಯವೆಂಬ ಘೋಷಣೆ, ಸಹಿ. 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ ದೂರು ಸರಿಯಿದ್ದರೆ ಜಾಲತಾಣದವರು ವಿಡಿಯೋವನ್ನು 36 ಗಂಟೆಯೊಳಗೆ ತಡೆಹಿಡಿಯಬೇಕು. ದೂರುದಾರ 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಯೂಟ್ಯೂಬಿನಲ್ಲಿ 90 ದಿನಗಳೊಳಗೆ 3 ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಠಾಣೆಯ ಮೆಟ್ಟಿಲು ಹತ್ತಲಾರದೆ ಸುಮ್ಮನಾದವರ ಕೈಗೆ ಇಷ್ಟು ಬಲ ಬಂದದ್ದು ದೊಡ್ಡ ಸಂಗತಿ.

ಆದರೆ 'ಹಕ್ಕು ಯಾರದ್ದು' ಎಂಬಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗಗಳನ್ನು ಯಾರು ಬೇಕಾದರೂ ಹಾಡಬಹುದು. ಹಾಡಿದ ಧ್ವನಿಮುದ್ರಣ ಮಾತ್ರ ಅದನ್ನು ಮಾಡಿಸಿದವರದ್ದು. ಭಾಗವತರಿಗೆ 1994ರ ತಿದ್ದುಪಡಿ ಪ್ರದರ್ಶಕರ ಹಕ್ಕು ಕೊಟ್ಟಿದೆ. ಪ್ರಸಂಗ ಹೊಸತಾದರೆ ಕವಿಗೂ ಪಾಲಿದೆ. ನಮ್ಮಲ್ಲಿ ಇದೆಲ್ಲ ನಡೆದದ್ದು ಬಾಯಿಮಾತಿನಲ್ಲಿ. ಹಳೆಯ ಕ್ಯಾಸೆಟ್ಟೊಂದನ್ನು ಯಾರೋ ಕಂಪ್ಯೂಟರಿಗೆ ಇಳಿಸಿ, ತಮ್ಮದೆಂದು ಏರಿಸಿ, ಅದನ್ನು ಮಾಡಿಸಿದವರ ಮನೆಯವರು ಹಾಕಿದ ವಿಡಿಯೋ ಮೇಲೆಯೇ ದೂರು ಕೊಟ್ಟದ್ದುಂಟು. ಕಪಾಟಿನಲ್ಲಿ ಉಳಿದಿದ್ದ ಮೂಲ ಕ್ಯಾಸೆಟ್ಟಿನ ಹೊದಿಕೆ ಕಾಗದ ಕೈಹಿಡಿಯಿತು. ಹೆಸರು, ವಿಳಾಸ, ವರ್ಷ ಕಾಣುವಂತೆ ಅದರ ಫೋಟೊ ತೆಗೆದು ಪ್ರತಿ-ಅರ್ಜಿ ಹಾಕಿದೆವು. ವಿಡಿಯೋ ಮರಳಿತು.

ಬರೆದಿಟ್ಟ ಕಾಗದದ ಬಲಕ್ಕೆ ಇನ್ನೊಂದು ಸಾಕ್ಷಿಯುಂಟು. ಶಿವರಾಮ ಕಾರಂತರು 1994ರಲ್ಲೇ ಉಯಿಲು ಬರೆದಿದ್ದರು. ಅವರ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಉಡುಪಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾದಾಗ ಆಧಾರವಾಗಿ ನಿಂತದ್ದು ಆ ಬರಹ. ನಮ್ಮ ಕಲಾವಿದರಲ್ಲಿ ಎಷ್ಟು ಮಂದಿ ಹೀಗೆ ಬರೆದಿಟ್ಟಿದ್ದಾರೆ?

ಇನ್ನಾದರೂ ಮೈಕ್ ಹಚ್ಚುವ ಮೊದಲು ಒಂದು ಪುಟದ ಕರಾರಾಗಲಿ. ಬರೆದವರು ಯಾರು, ಹಾಡಿದವರು ಯಾರು, ಹಣ ಹಾಕಿದವರು ಯಾರು, ಆನ್‌ಲೈನಿನಲ್ಲಿ ಬರುವ ದುಡ್ಡಿನಲ್ಲಿ ಯಾರಿಗೆಷ್ಟು ಎಂಬುದು ಅದರಲ್ಲಿರಲಿ. ಚೆಂಡೆ, ಮದ್ದಳೆಯವರ ಹೆಸರೂ ಬಿಟ್ಟುಹೋಗದಿರಲಿ. ಆ ದುಡಿಮೆ ಅವರದ್ದೂ ಹೌದು.