ಎರಡನೆಯ ಪ್ರೋಟಾನು

ಹಿನಕಲ್‌ನ ನಮ್ಮ ಬೀದಿಯಲ್ಲಿ ನನಗೆ ‘ಕೆಮಿಸ್ಟ್ರಿ ತಾತ’ ಎಂದೇ ಹೆಸರು. ನಿವೃತ್ತನಾಗಿ ವರ್ಷಗಳಾದರೂ, ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತೆಂದರೆ ಯಾರಾದರೊಬ್ಬರು ರೆಕಾರ್ಡ್ ಹಿಡಿದು ಗೇಟು ತೆಗೆಯುತ್ತಾರೆ.

ಮೊನ್ನೆ ಬಂದದ್ದು ಪಕ್ಕದ ಮನೆಯ ಹುಡುಗಿ. ಪ್ರಥಮ ಪಿಯುಸಿ. ಮುಖ ಬಾಡಿತ್ತು.

“ತಾತ, ಆಕ್ಸಾಲಿಕ್ ಆಸಿಡ್ ಟೈಟ್ರೇಷನ್ ಕೆಟ್ಟೋಯ್ತು. ಎರಡೂ 0.1 ಮೋಲಾರ್. ಹತ್ತು ಎಂ.ಎಲ್. ಆಸಿಡ್‌ಗೆ ಹತ್ತು ಎಂ.ಎಲ್. ಸೋಡಿಯಂ ಹೈಡ್ರಾಕ್ಸೈಡ್ ಸಾಕಲ್ವಾ? ಇಪ್ಪತ್ತು ದಾಟಿದ ಮೇಲೆ ಗುಲಾಬಿ ಬಂತು. ಅದಕ್ಕೇ...”

ಪುಸ್ತಕ ತೆರೆದಳು. 20.1 ಎಂದಿದ್ದ ಪೆನ್ಸಿಲಿನ ಅಂಕಿಯನ್ನು ರಬ್ಬರಿನಿಂದ ಉಜ್ಜಿ 10.1 ಮಾಡಿದ್ದಳು.

ನನಗೆ ನಗು ಬರಲಿಲ್ಲ. ಕಾಲೇಜಿನಲ್ಲಿ ಓದುವಾಗ ಇದೇ ಕೆಲಸ ನಾನೂ ಮಾಡಿದ್ದೆ. ಬ್ಯೂರೆಟ್ ಹೇಳಿದ್ದನ್ನು ಅಳಿಸಿ, ತಲೆ ಹೇಳಿದ್ದನ್ನು ಬರೆದು, ಸೊನ್ನೆ ತೆಗೆದುಕೊಂಡಿದ್ದೆ. ಆಮೇಲೆ ಮೂವತ್ತು ವರ್ಷ ಅದೇ ಟೈಟ್ರೇಷನ್ ಪಾಠ ಮಾಡಿದೆ. ಒಬ್ಬ ವಿದ್ಯಾರ್ಥಿಗೂ ಈ ವಿಷಯ ಹೇಳಲಿಲ್ಲ.

“ಕೆಟ್ಟಿಲ್ಲ ಕಣಮ್ಮ. ಆಕ್ಸಾಲಿಕ್ ಆಮ್ಲದ ಒಂದು ಅಣು ಬಿಟ್ಟುಕೊಡೋದು ಎರಡು ಪ್ರೋಟಾನು. ಪ್ರತ್ಯಾಮ್ಲವೂ ಎರಡರಷ್ಟು ಬೇಕು.”

“ಹಾಗಾದ್ರೆ ಹತ್ತಕ್ಕೇ ಒಂದ್ಸಲ ಬಣ್ಣ ತಿರುಗಬೇಕಿತ್ತಲ್ವಾ?”

ಸೊಗಸಾದ ಪ್ರಶ್ನೆ. ನಾನು ಆ ವಯಸ್ಸಿನಲ್ಲಿ ಕೇಳಿರಲಿಲ್ಲ.

“ಗಣೇಶನ ಚಂದಾ ಎತ್ತೋಕೆ ಹೋಗ್ತೀರಲ್ಲ? ಮೊದಲ ನೂರು ರೂಪಾಯಿ ನಗುನಗುತ್ತಾ ಬರುತ್ತೆ. ಇನ್ನೊಂದು ನೂರು ಕೇಳಿದ್ರೆ ಗೊಣಗಾಟ. ಮೂರನೇದಕ್ಕೆ ಬಾಗಿಲೇ ಹಾಕ್ತಾರೆ.”

ಫಾಸ್ಫಾರಿಕ್ ಆಮ್ಲ ಅಂಥ ಮನೆ. ಒಂದು ಪ್ರೋಟಾನು ಹೋದರೆ ಉಳಿದ ಅಣುವಿನ ಮೇಲೆ ಋಣ ವಿದ್ಯುದಂಶ ಕೂರುತ್ತದೆ. ಮಿಕ್ಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದರ ಪಿಕೆಎ ಬೆಲೆಗಳು ಸುಮಾರು 2.1, 7.2, 12.3. ಒಂದಕ್ಕೊಂದು ಐದರಷ್ಟು ದೂರ. ಆದ್ದರಿಂದ ಮೊದಲ ಮೆಟ್ಟಿಲನ್ನು ಮಿಥೈಲ್ ಆರೆಂಜ್, ಎರಡನೆಯದನ್ನು ಫಿನಾಲ್ಫ್ಥಲೀನ್ ತೋರಿಸುತ್ತವೆ. ಮೂರನೆಯದು ನೀರಿನಲ್ಲಿ ಕಾಣುವುದೇ ಇಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಫಾಸ್ಫೇಟನ್ನು ತಳಕ್ಕಿಳಿಸಿದರೆ ಮಾತ್ರ ಆ ಪ್ರೋಟಾನು ಹೊರಬರುತ್ತದೆ. (ಬಾಗಿಲು ಹಾಕಿದ ಮನೆಗೆ ಹಿತ್ತಲಿನಿಂದ ಹೋದ ಹಾಗೆ!)

ಆಕ್ಸಾಲಿಕ್ ಆಮ್ಲದ್ದು 1.3 ಮತ್ತು 4.3. ಅಂತರ ಮೂರೇ. ಮೊದಲನೆಯದು ಪೂರ್ತಿ ಮುಗಿಯುವ ಮುಂಚೆಯೇ ಎರಡನೆಯದು ಹೊರಟಿರುತ್ತದೆ. ನಡುವಿನ ಮೆಟ್ಟಿಲು ಸವೆದುಹೋಗಿರುತ್ತದೆ. ಫಿನಾಲ್ಫ್ಥಲೀನ್ ಕಣ್ಣು ಬಿಡುವುದು ಪಿಎಚ್ ಎಂಟು ದಾಟಿದ ಮೇಲೆ. ಅಷ್ಟು ಹೊತ್ತಿಗೆ ಎರಡೂ ಖರ್ಚಾಗಿರುತ್ತವೆ.

ಹುಡುಗಿ ರಬ್ಬರು ಹುಡುಕಿದಳು. “ಅದು ಬೇಡ, ಗೆರೆ ಎಳೆದು ಪಕ್ಕದಲ್ಲಿ ಬರಿ” ಎಂದೆ. “ಯಾಕೆ ತಾತ, ಗಲೀಜಾಗಲ್ವಾ?”

ಆಗ ನನ್ನ ಸೊನ್ನೆಯ ಕಥೆ ಹೇಳಿದೆ.

“ಅಯ್ಯೋ, ನೀವೂನಾ!” ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವಳು, ನನ್ನ ಜೇಬಿನ ಪೆನ್ನನ್ನೇ ಕೇಳಿ ತೆಗೆದುಕೊಂಡು 10.1ರ ಮೇಲೆ ಅಡ್ಡಗೆರೆ ಎಳೆದಳು.