ಯಾರ ಬಲಗಡೆ?

ಬಬ್ಬೂರಿನ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಕಾಗದದ ರೊಟ್ಟಿಯ ಪಾಠ ನೆನಪಿರಬಹುದು. ದುಂಡಗೆ ಕತ್ತರಿಸಿದ ಕಾಗದವನ್ನು ರೊಟ್ಟಿಯಂತೆ ಎರಡು ಸಲ ಮಡಿಸಿದರೆ ದೊರೆಯುವುದು ವೃತ್ತದ ಕಾಲುಭಾಗ: ಎರಡು ತ್ರಿಜ್ಯ, ಒಂದು ಕಂಸ, ಮೂಲೆಯಲ್ಲಿ 90 ಡಿಗ್ರಿಯ ಲಂಬಕೋನ. ಅದೇ ಚತುರ್ಥಕ.

ಮಡಿಕೆ ಬಿಡಿಸಿ, ಮೂಡಿದ ಗೆರೆಗಳನ್ನೇ ಎಕ್ಸ್ ಅಕ್ಷ, ವೈ ಅಕ್ಷ ಎಂದು ಕರೆದು ನಕ್ಷೆಯ ಪಾಠಕ್ಕೆ ದಾಟುತ್ತಿದ್ದೆ. ಮೇಲೆ ಬಲಗಡೆಯದು ಮೊದಲ ಚತುರ್ಥಕ. ಅಲ್ಲಿಂದ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಎರಡು, ಮೂರು, ನಾಲ್ಕು. ಮೊದಲನೆಯದರಲ್ಲಿ ಎರಡೂ ಬೆಲೆ ಧನ, ಮೂರನೆಯದರಲ್ಲಿ ಎರಡೂ ಋಣ. ಸಮಭಾಜಕ ವೃತ್ತವನ್ನೂ ಗ್ರೀನಿಚ್ ರೇಖೆಯನ್ನೂ ಅಕ್ಷಗಳೆಂದುಕೊಂಡರೆ, ಉತ್ತರಕ್ಕೆ ಸುಮಾರು 14 ಡಿಗ್ರಿ, ಪೂರ್ವಕ್ಕೆ 76ಕ್ಕೂ 77ಕ್ಕೂ ನಡುವೆ ಇರುವ ನಮ್ಮ ಬಬ್ಬೂರು ಮೊದಲ ಚತುರ್ಥಕದಲ್ಲಿದೆ ಎಂದಾಗ ನಿಮಗೆಲ್ಲ ಎಂಥ ಹೆಮ್ಮೆ!

ಈ ಪಾಠದಲ್ಲಿ ನಾನೇ ಕಲಿಯದಿದ್ದುದೊಂದು ಉಳಿದಿತ್ತು. ಅದನ್ನು ಕಲಿಸಿದ್ದು ಒಬ್ಬ ಹುಡುಗನ ಹೊಟ್ಟೆನೋವು. ಬೆಳಿಗ್ಗೆ ಹೊಕ್ಕುಳ ಸುತ್ತ ಇದ್ದ ನೋವು ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿದಿತ್ತು. ಬೆಂಚಿನ ಮೇಲೆ ಅಂಗಾತ ಮಲಗಿದ್ದವನು ಬೆರಳಿಟ್ಟು ತೋರಿಸಿದ. ನಾನು ಅವನ ಕಾಲ ಬಳಿ ನಿಂತಿದ್ದೆ. ಹಿರಿಯೂರಿನ ಪರಿಚಿತ ವೈದ್ಯರಿಗೆ ದೂರವಾಣಿ ಮಾಡಿ, "ಎಡಗಡೆ, ಕೆಳಗೆ" ಎಂದೆ.

ಅವರು ಕ್ಷಣಕಾಲ ಸುಮ್ಮನಿದ್ದು ಕೇಳಿದರು: "ಮೇಷ್ಟ್ರೇ, ನಿಮ್ಮ ಎಡಗಡೆಯೋ, ಹುಡುಗನ ಎಡಗಡೆಯೋ?"

ಕಪ್ಪುಹಲಗೆಯನ್ನು ನೋಡುವಂತೆ ಅವನನ್ನು ನೋಡಿದ್ದೆ! ನೋವಿದ್ದುದು ಅವನ ಬಲಗಡೆ. "ಕೂಡಲೇ ಕರೆತನ್ನಿ" ಎಂದರು. ಅಪೆಂಡಿಕ್ಸ್ ಊದಿಕೊಂಡಿತ್ತು, ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಕೇಳದಿದ್ದರೆ ಮಾತ್ರೆ ನುಂಗಿಸಿ ಮನೆಗೆ ಕಳಿಸಿಬಿಡುತ್ತಿದ್ದೆನೋ ಏನೋ.

ಆಮೇಲೆ ಅವರೇ ವಿವರಿಸಿದರು. ಹೊಟ್ಟೆಯ ನಕ್ಷೆಗೆ ಹೊಕ್ಕುಳೇ ಮೂಲಬಿಂದು. ಅದರ ಮೂಲಕ ಒಂದು ಅಡ್ಡಗೆರೆ, ಒಂದು ಲಂಬಗೆರೆ. ಮೇಲೆ ಬಲಕ್ಕೆ ಯಕೃತ್ತಿನ ಬಹುಭಾಗ ಹಾಗೂ ಪಿತ್ತಕೋಶ, ಮೇಲೆ ಎಡಕ್ಕೆ ಜಠರ ಹಾಗೂ ಗುಲ್ಮ, ಕೆಳಗೆ ಬಲಕ್ಕೆ ಅಪೆಂಡಿಕ್ಸ್. ಇಲ್ಲಿ ಬಲವೆಂದರೆ ಸದಾ ರೋಗಿಯ ಬಲ, ನೋಡುವವರದ್ದಲ್ಲ. ದಂತವೈದ್ಯರ ಲೆಕ್ಕದಲ್ಲೂ ಹಾಗೆಯೇ: ಬಾಯಿಯ ಮೊದಲ ಚತುರ್ಥಕ ರೋಗಿಯ ಮೇಲ್ದವಡೆಯ ಬಲಭಾಗ.

ಅಂದಿನಿಂದ ಚತುರ್ಥಕದ ಪಾಠಕ್ಕೆ ಮೊದಲು, ನಿಮ್ಮಲ್ಲೊಬ್ಬರನ್ನು ತರಗತಿಗೆ ಎದುರಾಗಿ ನಿಲ್ಲಿಸಿ ಬಲಗೈ ಎತ್ತಿಸುತ್ತಿದ್ದೆ. ಮೇಷ್ಟರಿಗೆ ಎಡಬಲ ಮರೆತಿದೆ ಎಂದು ನೀವು ನಗುತ್ತಿದ್ದಿರಿ. ನಿಜ, ಒಮ್ಮೆ ಮರೆತಿತ್ತು. ಆ ಹುಡುಗನಿಗೆ ಅದನ್ನು ನಾನು ಇದುವರೆಗೂ ಹೇಳಿರಲಿಲ್ಲ.